ಕಮಿಟ್ ಆಗದ ಡ್ರೈವರ್

ಮಾಡದ್ದುಣ್ಣೋ ಮಹಾರಾಯ!

ಗಾದೆ ತಪ್ಪಾಯಿತು ಅಂತೀರಾ? ಮಾಡಿದವನೇ ಉಂಡದ್ದನ್ನು ನೀವು ಕಣ್ಣಾರೆ ಕಂಡಿದ್ದರೆ ಹೇಳಿ, ಗಾದೆಯನ್ನು ಈಗಲೇ ರಿಪೇರಿ ಮಾಡಿಕೊಡುತ್ತೇನೆ. ನಾನಂತೂ ಕಂಡಿಲ್ಲ. ಈಗ ಹೇಳುವುದು ನಡೆದ ಕತೆ. ಅನುಮಾನವಿದ್ದರೆ ನನ್ನ ಬಲಗಿವಿಯ ಹಿಂದಿನ ಗಾಯ ಮುಟ್ಟಿ ನೋಡಿ.

ಆ ಗಾಯ ಮಾಡಿದ್ದು ಸ್ಕ್ರೂಡ್ರೈವರ್.

"ಟೈಪ್ ಮಾಡು ರಾಜಾ," ಎಂದ ಬೆಲ್ಲ. "ನಿನ್ನ ಕೈ ಬೇಕು ನಮಗೆ. ಕಿವಿ ಬೇಕೇ ಬೇಕು ಅಂತೇನಿಲ್ಲ."

ಬೆಲ್ಲ ಅಂದರೆ ಆ ಲಾರಿ ಕಂಪನಿಯ ಮ್ಯಾನೇಜರ್. ಅವನು ಮಾತಾಡಿ ಎದ್ದು ಹೋದ ಜಾಗಕ್ಕೆ ಇರುವೆ ಮುತ್ತಬೇಕು, ಅಷ್ಟು ಸಿಹಿ. ಸ್ಕ್ರೂಡ್ರೈವರ್ ಹಿಡಿದು ನನ್ನ ಬೆನ್ನ ಹಿಂದೆ ನಿಂತವನು ಕಂಬ. ಯಾಕೆ ಆ ಹೆಸರು ಅಂತ ಕೇಳಬೇಡಿ. ಕಿಟಕಿಯ ಬಿಸಿಲಿಗೆ ಅವನ ನೆರಳೇ ಇಡೀ ಮೇಜು ತುಂಬಿತ್ತು.

ಇನ್ನು ನಾನು… ಈ ಲೈನಿನಲ್ಲಿ ನನ್ನನ್ನು 'ಬೆಸುಗೆ' ಅಂತಾರೆ. ಒಂದೇ ಆಫೀಸಿನ ಎರಡು ಕಂಪ್ಯೂಟರುಗಳು ಎರಡು ಕತೆ ಹೇಳತೊಡಗಿದರೆ ನನಗೆ ಫೋನ್ ಬರುತ್ತದೆ. ನಾನು ಹೋಗಿ ಎರಡರ ಬಾಯಲ್ಲೂ ಒಂದೇ ಕತೆ ಹೇಳಿಸುತ್ತೇನೆ. ಇಲ್ಲದ ಸಾಲು ಸೇರಿಸು, ಇರುವ ಸಾಲು ತಿದ್ದು. ಇನ್ಸರ್ಟ್, ಅಪ್‌ಡೇಟ್. ಅಷ್ಟೇ ಕೆಲಸ. ಸಾಮಾನ್ಯವಾಗಿ ಟೀ ಕೊಡುತ್ತಾರೆ. ಸ್ಕ್ರೂಡ್ರೈವರ್ ಕೊಟ್ಟದ್ದು ಅದೇ ಮೊದಲು.

"ಏನು ಬರೀಬೇಕು?"

"ಬೆಳಿಗ್ಗೆ ಹೋಯ್ತಲ್ಲ, ಆ ಟ್ರಿಪ್ಪು. ಅದರ ಡ್ರೈವರ್ ಹೆಸರು ಬದಲಾಗ್ಬೇಕು. ಆಫೀಸ್ ಕಂಪ್ಯೂಟರಲ್ಲೂ, ಗೇಟ್ ಕಂಪ್ಯೂಟರಲ್ಲೂ. ಪೊಲೀಸ್ನೋರು ಬಂದು ಆ ಕಂಪ್ಯೂಟರುಗಳನ್ನ ಎತ್ಕೊಂಡು ಹೋಗೋಕೆ ಮುಂಚೆ."

ಆ ಟ್ರಿಪ್ಪಿನ ಸುದ್ದಿ ಊರಿಗೆಲ್ಲ ಗೊತ್ತಾಗಿತ್ತು. ಬೆಳಗಾಗುವ ಹೊತ್ತಿಗೆ ಸೈಕಲ್ಲಿನಲ್ಲಿ ಪೇಪರ್ ಹಾಕುತ್ತಿದ್ದ ಹೆಂಗಸೊಬ್ಬಳನ್ನು ಕಂಪನಿಯ ಲಾರಿ ಹೊಡೆದು ಹಾಕಿತ್ತು. ರಸ್ತೆ ತುಂಬ ಪೇಪರ್ ಹರಡಿತ್ತಂತೆ. ಅಷ್ಟೊಂದು ಪೇಪರಿನಲ್ಲಿ ಒಂದರಲ್ಲೂ ಅವಳ ಸುದ್ದಿ ಇರಲಿಲ್ಲ.

ಪರದೆ ನೋಡಿದೆ. ಆ ಟ್ರಿಪ್ಪಿನ ಎದುರಿಗಿದ್ದ ಹೆಸರು ಚಿಕ್ಕ ಯಜಮಾನನದು! ಕಂಪನಿ ಮಾಲೀಕರ ಒಬ್ಬನೇ ಮಗ. ಲಾರಿ ಓಡಿಸುವುದು ಅವನಿಗೊಂದು ಶೋಕಿ. ಹೊರಡುವಾಗ ಗೇಟಿನಲ್ಲಿ ತನ್ನ ಕಾರ್ಡು ತೋರಿಸಿದ್ದಾನೆ. ಎರಡೂ ಕಂಪ್ಯೂಟರುಗಳು ನಿಯತ್ತಿನಿಂದ ಬರೆದುಕೊಂಡಿವೆ. ಅವಕ್ಕೇನು ಗೊತ್ತು, ಯಾರು ಯಾರ ಮಗ ಅಂತ!

"ಯಾರ ಹೆಸರು ಹಾಕ್ಲಿ?"

"ಪಕ್ಕದ ಸೀಟಲ್ಲಿ ಒಬ್ಬ ಕ್ಲೀನರ್ ಕೂತಿದ್ದ. ಅವನ್ದು."

ಬೆಲ್ಲ ಹೆಸರು ಹೇಳಿದ.

ಅದು ನನ್ನ ಭಾವನ ಹೆಸರು! ನನ್ನ ಸ್ವಂತ ಅಕ್ಕನ ಗಂಡ!

ಭಾವ ಮದುವೆಗೆ ಮುಂಚಿನಿಂದಲೂ ಆ ಕಂಪನಿಯಲ್ಲಿ ಕ್ಲೀನರ್. ಜೇಬಿನಲ್ಲಿ ಹೆವಿ ಲೈಸೆನ್ಸ್ ಇಟ್ಟುಕೊಂಡು, ಪಕ್ಕದ ಸೀಟಿನಲ್ಲಿ ಕೂತೇ ತಲೆ ನೆರೆಸಿಕೊಂಡವರು. "ಮುಂದಿನ ತಿಂಗಳು ಡ್ರೈವರ್ ಮಾಡ್ತೀವಿ" ಅನ್ನುತ್ತಲೇ ಇದ್ದರು ದೊಡ್ಡ ಯಜಮಾನರು. ಆ ಮುಂದಿನ ತಿಂಗಳು ಯಾವ ಕ್ಯಾಲೆಂಡರಿನಲ್ಲೂ ಅಚ್ಚಾಗಿರಲಿಲ್ಲ.

ಈಗ ನಾನು ಎರಡು ಸಾಲು ಬರೆದರೆ ಭಾವ ಡ್ರೈವರ್. ಡ್ರೈವರ್ ಆದ ಕೂಡಲೇ ಕೈದಿ.

ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ. ಬೆಲ್ಲನಿಗೆ ನಮ್ಮ ಸಂಬಂಧ ಗೊತ್ತಿಲ್ಲ ಅಂದುಕೊಂಡೆ.

ಅಂದುಕೊಂಡೆ!

ಮೊದಲು ಆಫೀಸಿನದು. ಹೆಸರು ಬದಲಾಯಿಸಲು ಹೊರಟರೆ ಕಂಪ್ಯೂಟರ್ ಕೆಂಪಗೆ ಬೈಯಿತು.

"ಏನಂತೆ ಅದರ ಗೋಳು?"

"ಅಪ್ಪ ಇಲ್ಲದ ಮಗನ್ನ ಮನೆಗೆ ಸೇರಿಸಲ್ವಂತೆ. ಡ್ರೈವರ್‌ಗಳ ಪಟ್ಟೀಲಿ ಇಲ್ಲದೋರ ಹೆಸರಿಗೆ ಟ್ರಿಪ್ ಬರೆಯೋಕೆ ಬಿಡಲ್ಲ ಇದು. ಮೊದ್ಲು ಅವ್ರನ್ನ ಡ್ರೈವರ್ ಅಂತ ಹೊಸದಾಗಿ ಸೇರಿಸ್ಬೇಕು."

"ಅವ್ರನ್ನ!" ಬೆಲ್ಲ ನಕ್ಕ. "ಕ್ಲೀನರ್‌ಗೆ ಎಷ್ಟು ಮರ್ಯಾದೆ! ಸೇರಿಸು ರಾಜಾ. ನಮ್ಮಪ್ಪನ ಗಂಟೇನು ಹೋಗುತ್ತೆ?"

ಇನ್ಸರ್ಟ್. ಕಂಪ್ಯೂಟರ್ ತಾನಾಗಿ ಒಂದು ನಂಬರ್ ಕೊಟ್ಟಿತು. 417.

ಅಪ್‌ಡೇಟ್. ಟ್ರಿಪ್ಪಿನ ಎದುರಿನಿಂದ ಚಿಕ್ಕ ಯಜಮಾನ ಮಾಯ. ಆ ಜಾಗದಲ್ಲಿ ಡ್ರೈವರ್ ನಂಬರ್ 417, ಭಾವನ ಪೂರ್ತಿ ಹೆಸರು.

"ಆಹಾ!" ಬೆಲ್ಲ ಫೋನ್ ತೆಗೆದು ಪರದೆಯ ಫೋಟೋ ಹೊಡೆದ. "ದೊಡ್ಡೋರಿಗೆ ತೋರಿಸ್ಬೇಕು."

ಈಗ ನಿಮಗೊಂದು ಗುಟ್ಟು. ಆಫೀಸಿನ ಆ ಡೇಟಾಬೇಸ್ ಇದೆಯಲ್ಲ, ಅದು ಮನೆಯ ಹಿರಿಯರ ಹಾಗೆ. ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತದೆ. ಆದರೆ ಕೊನೆಗೆ 'ಕಮಿಟ್' ಅನ್ನುವವರೆಗೂ ಮನಸ್ಸಿಗೆ ಹಾಕಿಕೊಳ್ಳುವುದಿಲ್ಲ. ಅಲ್ಲಿಯವರೆಗೆ ನಾನು ತಿದ್ದಿದ್ದು ನನ್ನ ಪರದೆಯಲ್ಲಿ ಮಾತ್ರ ಕಾಣುತ್ತದೆ. ಬೇರೆ ಯಾವ ಕಂಪ್ಯೂಟರಿನಲ್ಲಿ ಹುಡುಕಿದರೂ ಹಳೆಯದೇ! ಕಮಿಟ್ ಅನ್ನದೆ ಪರದೆಯ ಮೇಲಿನ ಆ ಕಿಟಕಿ ಮುಚ್ಚಿದಿರೋ… ನೀರಿನ ಮೇಲೆ ಬರೆದ ಹಾಗೆ.

ನಾನು ಕಮಿಟ್ ಅನ್ನಲಿಲ್ಲ. ಕಿಟಕಿ ಮುಚ್ಚಿದೆ.

ಒಳಗೊಳಗೇ ನಗು. ಕಾಲೇಜಿನಲ್ಲಿದ್ದಾಗ ಪ್ರಿನ್ಸಿಪಾಲರ ದನಿಯಲ್ಲಿ ಮೈಕ್ ಹಿಡಿದು ರಜೆ ಘೋಷಿಸಿದ್ದೆನಲ್ಲ, ಅವತ್ತು ಬಂದಂಥದೇ ನಗು!

"ಈಗ ಗೇಟ್‌ದು ಮುಗಿಸು."

ಗೇಟಿನ ಡೇಟಾಬೇಸ್ ಬೇರೆಯದೇ ತಳಿ. ನಾನು ಅದನ್ನು ಮುಟ್ಟಿದ್ದು ಅವತ್ತೇ ಮೊದಲು. ಅದಕ್ಕೆ ಅಪ್ಪನೂ ಬೇಡ, ಪಟ್ಟಿಯೂ ಬೇಡ. ಹೆಸರು ಕೊಟ್ಟರೆ ಸಾಕು. ಕೂತಲ್ಲಿಂದಲೇ ಅದನ್ನು ತೆರೆದು ಅಪ್‌ಡೇಟ್ ಬರೆದೆ. ಎಂಟರ್ ಒತ್ತಿದೆ. ಅದೇ ಮಸಲತ್ತು, ಕಿಟಕಿ ಮುಚ್ಚಿದೆ. ಹೊಸ ತಳಿಯಲ್ಲವೇ, ಖಾತ್ರಿ ಮಾಡಿಕೊಳ್ಳೋಣ ಅಂತ ಮತ್ತೆ ತೆರೆದೆ.

ಭಾವನ ಹೆಸರು ಅಲ್ಲೇ ಕೂತಿತ್ತು!

ಅಯ್ಯೋ… ಇದು ಕಮಿಟ್ಟಿಗೆ ಕಾಯುವ ತಳಿಯೇ ಅಲ್ಲ! ಎಂಟರ್ ಒತ್ತಿದ ಗಳಿಗೆಗೇ ಕಲ್ಲಿನಲ್ಲಿ ಕೆತ್ತಿಟ್ಟುಕೊಂಡಿದೆ! ನಾನು ನೀರಿನ ಮೇಲೆ ಬರೆದಿದ್ದೇನೆ ಅಂದುಕೊಂಡಿದ್ದೆ. ಅದು ಬಂಡೆ.

ತಿದ್ದಲು ಕೈ ಚಾಚಿದೆ. ಕಂಬ ನನ್ನನ್ನು ಕುರ್ಚಿ ಸಮೇತ ಹಿಂದಕ್ಕೆ ಎಳೆದ.

"ಸಾಕು ರಾಜಾ," ಎಂದ ಬೆಲ್ಲ. "ಪೊಲೀಸ್ನೋರು ಬಂದು ಹೋಗೋವರೆಗೂ ಟೈರ್ ಗೋಡೌನಲ್ಲಿ ರೆಸ್ಟ್ ತಗೋ. ಕಂಬ, ಕರ್ಕೊಂಡು ಹೋಗು."

ಕೀಬೋರ್ಡ್ ಎತ್ತಿ ಕಂಬನ ಮೂತಿಗೆ ಬಾರಿಸಿದೆ! ಸ್ಕ್ರೂಡ್ರೈವರ್ ಕಿವಿ ಹಿಂದೆ ಗೀರಿತು. ಕಿಟಕಿ ಹಾರಿದೆ… ಈ ಸಲ ನಿಜವಾದ ಕಿಟಕಿ!

ಅಂಗಳದ ತುಂಬ ಲಾರಿಗಳು. ಒಂದರ ಹೊಟ್ಟೆಯಡಿ ನುಗ್ಗಿದೆ. ಆಯಿಲ್, ಮಣ್ಣು, ರಕ್ತ, ಎಲ್ಲ ಒಂದೇ ಅಂಗಿಗೆ. ಗೇಟಿನ ಕ್ಯಾಬಿನ್ ಎದುರಿಗೇ ಕಾಣುತ್ತಿತ್ತು. ಅಲ್ಲೊಂದು ಕಂಪ್ಯೂಟರ್ ಇತ್ತು. ಅದೊಂದು ಸಾಲನ್ನು ತಿರುಗಿ ಸರಿ ಮಾಡಿದರೆ ಭಾವ ಉಳಿದರು.

ಆದರೆ ನನಗೂ ಕ್ಯಾಬಿನ್ನಿಗೂ ನಡುವೆ ಕಂಬನ ಬೂಟು.

ಪಕ್ಕದಲ್ಲಿ ಒಂದು ಖಾಲಿ ಡ್ರಮ್ ಅಡ್ಡ ಬಿದ್ದಿತ್ತು. ಅದರ ಬಾಯಿಗೆ ಬಾಯಿಟ್ಟೆ. ದೊಡ್ಡ ಯಜಮಾನರು ಪ್ರತಿ ಮಾತಿಗೂ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಾರೆ, ಕೆಟ್ಟ ಲಾರಿ ಸ್ಟಾರ್ಟ್ ಆದ ಹಾಗೆ.

"ಹ್ರೂಂ… ಏಯ್ ಕಂಬ! ಹಿಂದಿನ ಕಾಂಪೌಂಡ್ ಹಾರ್ತಿದ್ದಾನೆ ನೋಡೋ, ಕತ್ತೆ!"

"ಬಂದೆ ಯಜಮಾನ್ರೇ!"

ಬೂಟುಗಳು ದಡಬಡ ಹಿಂದಕ್ಕೆ ಓಡಿದವು. ನಾನು ಮುಂದಕ್ಕೆ ಓಡಿದೆ.

ಕ್ಯಾಬಿನ್ ಖಾಲಿ. ಕೂತೆ. ಅಪ್‌ಡೇಟ್… ಡ್ರೈವರ್… ಚಿಕ್ಕ ಯಜಮಾನ. ಬರೆದದ್ದಾಯಿತು. ಎಂಟರ್ ಒತ್ತುವುದೊಂದೇ ಬಾಕಿ…

"ಆ… ಕ್ಷೀ!"

ತಿರುಗಿದೆ. ಬಾಗಿಲಲ್ಲಿ ಖಾಕಿ. ಮೂಗಿಗೆ ಕರ್ಚೀಫು, ಇನ್ನೊಂದು ಕೈಯಲ್ಲಿ ಪಿಸ್ತೂಲು. ಇನ್ಸ್‌ಪೆಕ್ಟರ್ ಮೇಡಂ!

"ಕೈ ಮೇಲೆ. ದಾಖಲೆ ತಿದ್ತಿದ್ದೀಯಾ?"

"ಸರಿ ಮಾಡ್ತಿದ್ದೀನಿ ಮೇಡಂ!"

"ಎಲ್ಲ ಕಳ್ಳರೂ ಅದನ್ನೇ ಹೇಳೋದು."

ನೀವೇ ಹೇಳಿ… ಸುಳ್ಳು ಬರೆಯುವಾಗ ಯಾರೂ ಬರಲಿಲ್ಲ. ನಿಜ ಬರೆಯುವಾಗ ಪಿಸ್ತೂಲು ಬಂತು!

ಸ್ಟೇಷನ್ನಿನ ಬೆಂಚಿನ ಮೇಲೆ ಭಾವ ಆಗಲೇ ಕೂತಿದ್ದರು. ಅಂಗಿಯ ಮೇಲೆ ಆ ಹೆಂಗಸಿನ ರಕ್ತ. ಎತ್ತಿಕೊಂಡು ಆಸ್ಪತ್ರೆಗೆ ಓಡಿದವರು ಅವರೇ. ಲಾರಿ ಓಡಿಸುತ್ತಿದ್ದವನು ಬೇರೆ ದಿಕ್ಕಿಗೆ ಓಡಿದ್ದ. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ಬೆಲ್ಲನೂ ಬಂದ. ಕೈಮುಗಿದ.

"ಮೇಡಂ, ಗೇಟ್ ಕಂಪ್ಯೂಟರಲ್ಲಿ ನಿಜವಾದ ಡ್ರೈವರ್ ಹೆಸರಿತ್ತು. ಇವನು ಅದನ್ನ ಅಳಿಸಿ ನಮ್ಮ ಚಿಕ್ಕ ಯಜಮಾನರ ಹೆಸರು ಹಾಕೋಕೆ ಹೊರಟಿದ್ದ. ಯಾಕೆ ಹೇಳಿ? ಇವನು ಅವನ ಬಾಮೈದ! ಅಕ್ಕನ ಗಂಡನ್ನ ಉಳಿಸ್ಕೊಳ್ಳೋಕೆ!"

ನನಗೆ ಆಗ ಅರ್ಥವಾಯಿತು. ಊರಿನಲ್ಲಿ ಇಷ್ಟೊಂದು ಕಂಪ್ಯೂಟರ್ ರಿಪೇರಿಯವರಿದ್ದೂ ನನ್ನನ್ನೇ ಯಾಕೆ ಕರೆಸಿದ್ದು ಅಂತ! ನಾನು ಬಾಯಿ ಬಿಟ್ಟರೂ ಬಾಮೈದನ ಬಾಯಿ. ಯಾರು ನಂಬುತ್ತಾರೆ?

"ಬೇಕಾದ್ರೆ ಆಫೀಸಿನ ದಾಖಲೆ ನೋಡಿ ಮೇಡಂ," ಎಂದು ಬೆಲ್ಲ ಫೋನ್ ಮುಂದೆ ಹಿಡಿದ. "ಡ್ರೈವರ್ ನಂಬರ್ 417. ಅವನೇ!"

ಅವನು ಆ ಫೋಟೋ ತೋರಿಸದೆ ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದಿದ್ದ.

"ಮೇಡಂ," ಅಂದೆ, "ಆಫೀಸಿನ ಕಂಪ್ಯೂಟರ್ ನೀವೇ ಎತ್ಕೊಂಡು ಬಂದಿದ್ದೀರಲ್ಲ. ಅದರಲ್ಲಿ 417 ಹುಡುಕಿಸಿ."

ಮೂಲೆಯಲ್ಲಿ ಕೂತಿದ್ದ ಕಂಪ್ಯೂಟರ್ ಕಾನ್‌ಸ್ಟೇಬಲ್ ಹುಡುಕಿದ. ತಲೆ ಕೆರೆದ. ಮತ್ತೆ ಹುಡುಕಿದ.

"417 ಅಂತ ಯಾರೂ ಇಲ್ಲ ಮೇಡಂ. 416ಕ್ಕೇ ನಿಂತಿದೆ. ಆ ಟ್ರಿಪ್ಪಿನ ಡ್ರೈವರ್ ಚಿಕ್ಕ ಯಜಮಾನ ಅಂತಿದೆ."

"ಮತ್ತೆ ಈ ಫೋಟೋ?"

"ಕಮಿಟ್ ಮಾಡದ ಸಾಲು ಮೇಡಂ. ಅದು ಕಂಡಿದ್ದು ಒಂದೇ ಪರದೇಲಿ, ನಾನು ಕಿಟಕಿ ಮುಚ್ಚೋವರೆಗೆ. ಆ ಫೋಟೋ ಬೇಕು ಅಂದ್ರೆ ನನ್ನ ಬೆನ್ನ ಹಿಂದೆ ನಿಂತು ಬರೆಸಿದವರಿಗೆ ಮಾತ್ರ ಸಿಗೋದು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ… ಇವನು ಹೆಗಲಿನ ಫೋಟೋ ತೆಗೆದುಕೊಂಡೇ ಬಂದಿದ್ದ!

ಬೆಲ್ಲ ಕರಗಿ ನೀರಾದ. ಅಕ್ಕ ಕಣ್ಣೊರೆಸಿಕೊಂಡಳು. ನಾನು ಗೆದ್ದೆ ಅಂದುಕೊಂಡೆ.

ಅಂದುಕೊಂಡೆ!

ಬೆಲ್ಲನ ಫೋನ್ ಬಡಿದುಕೊಂಡಿತು. ಹೊರಗೆ ಹೋದ. ಒಳಗೆ ಬಂದಾಗ ದನಿಯಲ್ಲಿ ಸಿಹಿ ಇರಲಿಲ್ಲ.

"ಮೇಡಂ… ಲಾರಿ ಓಡಿಸಿದ್ದು ನಾನೇ. ಚಿಕ್ಕ ಯಜಮಾನರ ಕಾರ್ಡು ಎತ್ಕೊಂಡು ಹೋಗಿದ್ದೆ. ಆಮೇಲೆ ಹೆದರಿ ಇವನ ಕೈಲಿ ತಿದ್ದಿಸಿದೆ."

"ಇವನಿಗೆ ಸ್ಕೂಟರ್ ಓಡಿಸೋಕೂ ಬರಲ್ಲ ಮೇಡಂ!" ಎಂದು ಕಿರುಚಿದೆ.

ಮೇಡಂ ನನ್ನತ್ತ ನೋಡಲಿಲ್ಲ. "ಪಕ್ಕದಲ್ಲಿ ಕೂತಿದ್ದೋನು ಹೇಳ್ಲಿ," ಎಂದರು.

ಬೆಲ್ಲ ತನ್ನ ಫೋನನ್ನು ಭಾವನ ಕೈಗಿತ್ತ. ಅತ್ತ ಕಡೆಯಿಂದ ಹೊರಟ ದನಿ ಬೆಂಚಿನವರೆಗೂ ಕೇಳಿಸಿತು. ಹ್ರೂಂ…! ಸರಿಯಾಗಿ ಅದೇ ಹೊತ್ತಿಗೆ ಮೇಡಂಗೆ ಸೀನು ಬಂತು. ಮುಖವನ್ನು ಗೋಡೆಯತ್ತ ತಿರುಗಿಸಿಕೊಂಡರು. ಫೋನ್ ಮಾತು ಮುಗಿಯುವವರೆಗೂ ಸೀನುತ್ತಲೇ ಇದ್ದರು.

ಭಾವ ಫೋನ್ ಕೆಳಗಿಟ್ಟರು. ಅಕ್ಕನ ಮುಖ ನೋಡಿದರು. ತಮ್ಮ ಅಂಗಿ ನೋಡಿಕೊಂಡರು. ನನ್ನನ್ನು ಮಾತ್ರ ನೋಡಲಿಲ್ಲ.

"ಮ್ಯಾನೇಜರ್ ಸಾಹೇಬ್ರೇ ಓಡಿಸ್ತಿದ್ದಿದ್ದು," ಅಂದರು.

"ಭಾವಾ!"

"ಸುಮ್ನಿರೋ," ಅಂದಳು ಅಕ್ಕ. ಬಹಳ ಮೆಲ್ಲಗೆ.

ಮುಂದಿನ ವಾರ ಮತ್ತೆ ಅದೇ ಆಫೀಸಿನಿಂದ ಫೋನ್. ಹೋಗಬಾರದಿತ್ತು, ಹೋದೆ. ಅದೇ ಕುರ್ಚಿ, ಪೊಲೀಸರು ವಾಪಸ್ ಕೊಟ್ಟ ಅದೇ ಕಂಪ್ಯೂಟರ್. ಬೆನ್ನ ಹಿಂದೆ ಸ್ಕ್ರೂಡ್ರೈವರ್ ಇರಲಿಲ್ಲ, ದೊಡ್ಡ ಯಜಮಾನರಿದ್ದರು. ಪಕ್ಕದಲ್ಲಿ ಹೊಸ ಯೂನಿಫಾರ್ಮಿನಲ್ಲಿ ಭಾವ. ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ.

"ಹ್ರೂಂ… ನಿಮ್ಮ ಭಾವನ್ನ ಡ್ರೈವರ್ ಅಂತ ಸೇರಿಸಿ. ಈ ಸಲ ಅದೇನೋ ಒತ್ತಬೇಕಂತಲ್ಲ, ಅದನ್ನೂ ಒತ್ತಿಬಿಡಿ."

ಇನ್ಸರ್ಟ್. ಕಮಿಟ್. ನನ್ನ ಕೈಯಾರೆ.

ಭಾವ ಬಗ್ಗಿ ಪರದೆ ನೋಡಿದರು. "418 ಅಂತ ಬಂತಲ್ಲೋ. 416 ಆದ್ಮೇಲೆ 417 ತಾನೆ? ಆ 417 ಯಾರು?"

"ನೀವೇ ಭಾವ."

"ನಾನಾ?"

"ಅವತ್ತು ಆ ಟ್ರಿಪ್ಪಿನ ಡ್ರೈವರ್ ಅಂತ ನಿಮಗೆ ಕೊಟ್ಟಿದ್ದ ನಂಬರ್ ಅದು. ಒಂದ್ಸಲ ಕೊಟ್ಟಿದ್ದನ್ನ ಇದು ಇನ್ನೊಬ್ಬರಿಗೆ ಕೊಡಲ್ಲ. ಖಾಲಿನೇ ಇರುತ್ತೆ."

"ಅಂದ್ರೆ ಆ ಪೇಪರ್ ಹೆಂಗಸನ್ನ ಗುದ್ದಿದ ಡ್ರೈವರು…"

"ಇಲ್ಲವೇ ಇಲ್ಲ, ಭಾವ."

ಭಾವ ನನ್ನನ್ನೇ ನೋಡಿದರು. ಆಮೇಲೆ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಮೇಜು ಕುಟ್ಟಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ! ಯಜಮಾನರೂ ಜೊತೆಗೆ ನಕ್ಕರು, ಆಮೇಲೆ ನಿಲ್ಲಿಸಿದರು. ಭಾವ ನಿಲ್ಲಿಸಲಿಲ್ಲ.

ನಾನು ಎಷ್ಟೋ ಜನರ ದನಿ ಅನುಕರಿಸಿದ್ದೇನೆ. ಪ್ರಿನ್ಸಿಪಾಲರದು, ಯಜಮಾನರದು, ಮೇಡಂ ಸೀನಿದ್ದು ಕೂಡ. ಬೇಕಿದ್ದರೆ ಈಗಲೇ ಮಾಡಿ ತೋರಿಸುತ್ತೇನೆ.

ಆ ನಗು ಮಾತ್ರ ಕೇಳಬೇಡಿ.