ಬರಿದಾದ ಕರಡಿಗೆ

"ಶ್ರೀದೇವೀ! ಲಿಂಗ ಎಲ್ಲಮ್ಮಾ?"

ಮಾವನ ಕೂಗಿಗೆ ಶ್ರೀದೇವಿಯ ಕೈಲಿದ್ದ ಸೌಟು ಜಾರಿ ಬಿತ್ತು. ಉಪ್ಪಿಟ್ಟನ್ನು ಒಲೆಯ ಮೇಲೇ ಬಿಟ್ಟು ಪೂಜೆಯ ಕೋಣೆಗೆ ಓಡಿದಳು. ಎಂಬತ್ತು ದಾಟಿದ ಶಾಂತವೀರಪ್ಪನವರು ಸ್ನಾನ ಮುಗಿಸಿ ಮಣೆಯ ಮೇಲೆ ಕುಳಿತಿದ್ದರು. ಎದುರಿಗೆ ಬೆಳ್ಳಿಯ ಕರಡಿಗೆ ಬಾಯಿ ತೆರೆದುಕೊಂಡಿತ್ತು. ಒಳಗೆ ಸುತ್ತಿಡುವ ಬಟ್ಟೆಯಿತ್ತು. ಇಷ್ಟಲಿಂಗವಿರಲಿಲ್ಲ.

ಆ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಮುದುಕರು ಒಂದು ಹನಿ ನೀರನ್ನೂ ಮುಟ್ಟಿದವರಲ್ಲ. ಸ್ನಾನದ ಹೊತ್ತಿಗೆ ಮಾತ್ರ ಕೊರಳಿನಿಂದ ಇಳಿಸಿ ಮಣೆಯ ಮೇಲಿಡುತ್ತಿದ್ದರು. ಅಷ್ಟರಲ್ಲೇ ಯಾರೋ ಕೈಯಾಡಿಸಿದ್ದರು!

ಶ್ರೀದೇವಿ ಗಡಿಯಾರ ನೋಡಿದಳು. ಬಚ್ಚಲಿನಿಂದ ಹೊರಬಂದ ಕೂಡಲೇ ಅವಳೇ ಅವರಿಗೆ ಇನ್ಸುಲಿನ್ ಚುಚ್ಚಿದ್ದಳು. ದಿನವೂ ಹಾಗೆಯೇ: ಚುಚ್ಚಿದ ಮೇಲೆ ಪೂಜೆ, ಪೂಜೆಯಾದ ತಕ್ಷಣ ತಿಂಡಿ. ಇವತ್ತು ತಿಂಡಿ ಹೋಗಲಿಲ್ಲವೆಂದರೆ ರಕ್ತದಲ್ಲಿ ಸಕ್ಕರೆ ಇಳಿಯುತ್ತಲೇ ಹೋಗುತ್ತದೆ. ಮೊದಲು ಬೆವರು, ನಡುಕ. ಆಮೇಲೆ ಪ್ರಜ್ಞೆ ತಪ್ಪುತ್ತದೆ. ಆಮೇಲೆ? ಅವಳಿಗೆ ಮುಂದೆ ಯೋಚಿಸಲಾಗಲಿಲ್ಲ.

"ಮಾವ, ಒಂದೇ ಒಂದು ಚಮಚ ಸಕ್ಕರೆ ನೀರು ಕುಡೀರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಲಿಂಗ ಇಲ್ಲದ ಬಾಯಿಗೆ ನೀರು ಬೇಡಮ್ಮ."

ಸ್ವರದಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು. ಡಾಕ್ಟರಿಗೆ ಫೋನ್ ಮಾಡಿದರೆ "ತಕ್ಷಣ ಕರ್ಕೊಂಡು ಬನ್ನಿ" ಎಂದರು. ಮುದುಕರು ಮಣೆ ಬಿಟ್ಟು ಏಳಲಿಲ್ಲ.

ಹುಡುಕಾಟ ಶುರುವಾಯಿತು. ಗಂಡ ವಿಜಯಕುಮಾರ್ ಮಂಚದ ಕೆಳಗೆ, ಬಚ್ಚಲಲ್ಲಿ, ಕಸದ ಬುಟ್ಟಿಯಲ್ಲಿ ತಡಕಾಡಿದ. ಶ್ರೀದೇವಿ ತನ್ನ ಚಿತ್ರದ ಕೋಣೆಯ ಬಾಗಿಲು ತೆರೆದವಳು ಅಲ್ಲೇ ನಿಂತುಬಿಟ್ಟಳು. ಮೇಣ ಬಳಿದು ಅಂಟಿಸುವ ಕೊಲಾಜಿಗೆಂದು ಜೋಡಿಸಿಟ್ಟಿದ್ದ ಹಳೇ ಪಂಚಾಂಗದ ಹಾಳೆ, ಲಗ್ನಪತ್ರಿಕೆಯ ತುಂಡು, ಟಿಶ್ಯೂ ಪೇಪರ್ ಎಲ್ಲವೂ ನೆಲದ ತುಂಬ ಚೆಲ್ಲಾಪಿಲ್ಲಿ. ಕಿಟಕಿ ತೆರೆದಿತ್ತು. ಮೇಲೆ ಫ್ಯಾನ್ ಗಿರಗಿರನೆ ತಿರುಗುತ್ತಿತ್ತು. ಅದನ್ನು ಆರಿಸಿ ಅವಳು ಕಿರುಚಿದಳು.

"ರೀ! ಯಾರೋ ಒಳಗೆ ಬಂದಿದ್ದಾರೆ!"

"ಯಾರೂ ಬಂದಿಲ್ಲ." ಹಿಂದಿನಿಂದ ಬಂದದ್ದು ಗಂಡನ ಅಕ್ಕ ಕಮಲಾದೇವಿಯ ದನಿ. ತಂದೆಯನ್ನು ನೋಡಲೆಂದು ಬನಶಂಕರಿಯಿಂದ ಬಂದು ಎರಡು ದಿನವಾಗಿತ್ತು. "ಮನೇಲಿದ್ದ ಹಳೇದೆಲ್ಲ ನಿನ್ನ ಚಿತ್ರಕ್ಕೇ ಅಂಟ್ಕೊಳ್ತು. ನಮ್ಮಮ್ಮನ ಸೀರೆ ಸೆರಗನ್ನೂ ಬಿಡಲಿಲ್ಲ ನೀನು. ಈಗ ಲಿಂಗಾನೂ ಆ ಮೇಣದೊಳಗೆ ಹೂತಿದ್ದೀಯೇನೇ?"

"ಅಕ್ಕಾ! ಶಿವ ಶಿವಾ, ಏನು ಮಾತು ಅಂತ ಆಡ್ತೀರಿ?"

"ಹಾಗಾದ್ರೆ ಬಾ. ಎಲ್ಲರೂ ಬನ್ನಿ. ವಿಭೂತಿ ಧರಿಸಿ ಅಪ್ಪಾಜಿ ಮುಂದೆ ಪ್ರಮಾಣ ಮಾಡೋಣ."

ವಿಭೂತಿ ಗಟ್ಟಿಯ ಮೇಲೆ ಮೂರು ಬೆರಳು ಉಜ್ಜಿ ಒಬ್ಬೊಬ್ಬರೇ ಹಣೆಗೆ ಎಳೆದುಕೊಂಡರು. "ನಾನು ಕದ್ದಿಲ್ಲ" ಎಂದಳು ಕಮಲಾದೇವಿ. "ನಾನು ಮುಟ್ಟಿಲ್ಲ" ಎಂದಳು ಶ್ರೀದೇವಿ. "ನಾನು ಕದ್ದಿಲ್ಲ" ಎಂದ ವಿಜಯಕುಮಾರ್. ಅವನ ಮುಖ ಬಿಳಿಚಿತ್ತು, ಹಣೆಯ ವಿಭೂತಿಯೂ ಮಾಸಲಾಗಿತ್ತು. ಪಾಪ, ಬೆವರಿಗೆ ಇರಬೇಕು ಎಂದುಕೊಂಡಳು ಅವಳು. ಮುದುಕರು ಕಣ್ಣು ಮುಚ್ಚಿದ್ದರು. ಅವರ ತುಟಿ ಆಗಲೇ ಅದುರುತ್ತಿತ್ತು.

ಆ ಹೊತ್ತಿಗೆ ಬೀದಿಯಲ್ಲಿ ಕಾರಿನ ಹಾರ್ನ್ ಕೇಳಿಸಿತು. ದಾಸಪ್ಪನವರು! ಇವತ್ತು ಭಾನುವಾರ, ಜಯನಗರದಲ್ಲಿ ಇಬ್ಬರಿಗೂ ಪೇಂಟಿಂಗ್ ಕ್ಲಾಸಿತ್ತು; ಅವಳನ್ನು ಕರೆದೊಯ್ಯಲು ಬಂದಿದ್ದರು. ದಾಸಪ್ಪ ನಿವೃತ್ತ ಕ್ರೈಂ ಇನ್ಸ್‌ಪೆಕ್ಟರ್. ಬಿಪಿಗೆ ಮದ್ದೆಂದು ಚಿತ್ರ ಕಲಿಯಲು ಸೇರಿದವರು. ಯಾವ ಬಣ್ಣ ಹಾಕಿದರೂ ಅವರ ಚಿತ್ರ ಕೊನೆಗೆ ಪುಟ್ಟೇನಹಳ್ಳಿ ಕೆರೆಯ ಕೆಸರಾಗುತ್ತಿತ್ತು. ಆದರೆ ಕಣ್ಣು ಮಾತ್ರ ಹದ್ದಿನದು.

ಶ್ರೀದೇವಿ ಅಳುತ್ತಲೇ ಎಲ್ಲವನ್ನೂ ಹೇಳಿದಳು.

"ಅಳಬೇಡಿ ಮೇಡಂ. ಟೈಮಿಲ್ಲ. ಕರಡಿಗೆ ಬೆಳ್ಳೀದಾ?"

"ಹೌದು ಸಾರ್."

"ಬೆಳ್ಳಿ ಬಿಟ್ಟು ಕಲ್ಲು ಒಯ್ಯೋ ಕಳ್ಳ ಇನ್ನೂ ಹುಟ್ಟಿಲ್ಲ. ಕಿಟಕಿಗೆ ಗ್ರಿಲ್ ಬೇರೆ ಇದೆ. ಹೊರಗಿನವರಲ್ಲ."

"ಅದೇ ನಾನೂ ಹೇಳಿದ್ದು!" ಎಂದಳು ಕಮಲಾದೇವಿ.

"ಸ್ವಲ್ಪ ಸುಮ್ಮನಿರಿ ಅಮ್ಮಾ." ದಾಸಪ್ಪ ಚಿತ್ರದ ಕೋಣೆಗೆ ನಡೆದರು. "ಮೇಡಂ, ನೀವು ಬಂದಾಗ ಈ ಕೋಣೆ ಹೇಗಿತ್ತು? ಇದ್ದದ್ದು ಇದ್ದ ಹಾಗೇ ಹೇಳಿ."

"ಕಾಗದ ಎಲ್ಲ ಕೆಳಗೆ ಬಿದ್ದಿತ್ತು. ಕಿಟಕಿ ತೆಗೆದಿತ್ತು. ಫ್ಯಾನ್ ಓಡ್ತಿತ್ತು, ನಾನೇ ಆಫ್ ಮಾಡಿದೆ."

"ಫ್ಯಾನ್?"

"ಹೂಂ ಸಾರ್."

ದಾಸಪ್ಪ ಬೀರು ನೋಡಿದರು. ಒಂದು ಖಾನೆಯೂ ಎಳೆದಿರಲಿಲ್ಲ. ಮೇಜಿನ ಮೇಲೆ ಕೋಲ್ಡ್ ವ್ಯಾಕ್ಸ್, ಅಂದರೆ ಬಣ್ಣಕ್ಕೆ ಬೆರೆಸುವ ಮೆತ್ತನೆಯ ಮೇಣದ, ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಡಬ್ಬಿಯನ್ನು ಮೂಸಿ, ಕಪ್ಪು ಆಯಿಲ್ ಪೇಂಟಿನ ಟ್ಯೂಬನ್ನು ಎತ್ತಿ ನೋಡಿ ಕೆಳಗಿಟ್ಟರು. ಮತ್ತೆ ಪೂಜೆಯ ಕೋಣೆಗೆ ಬಂದು ಮೂವರ ಮುಖವನ್ನೂ ಒಂದೊಂದಾಗಿ ದಿಟ್ಟಿಸಿದರು.

ಅಷ್ಟರಲ್ಲಿ ಶಾಂತವೀರಪ್ಪನವರು ಪಕ್ಕಕ್ಕೆ ವಾಲಿದರು. ಶ್ರೀದೇವಿ ಹಿಡಿದುಕೊಂಡಳು. ಮೈ ತಣ್ಣಗೆ ಒದ್ದೆಯಾಗಿತ್ತು.

"ಸಾರ್, ಮಾವ ಹೋಗ್ಬಿಡ್ತಾರೆ! ಏನಾದ್ರೂ ಮಾಡಿ!"

"ವಿಜಯಕುಮಾರ್," ಎಂದರು ದಾಸಪ್ಪ, ಮೆಲ್ಲಗೆ. "ತಂದುಕೊಡಪ್ಪ. ಅದು ಇನ್ನೂ ಒಣಗಿರಲ್ಲ."

ವಿಜಯಕುಮಾರ್ ಕೈಗಳನ್ನು ಬೆನ್ನ ಹಿಂದೆ ಸರಿಸಿದ. ದಾಸಪ್ಪ ಮುಂದುವರಿಸಿದರು.

"ನಿನ್ನ ಹೆಂಡತಿ ಆ ಕೋಣೇಲಿ ಫ್ಯಾನ್ ಹಾಕೋದೇ ಇಲ್ಲ. ಕೊಲಾಜ್ ಮಾಡೋರು ಯಾರೂ ಹಾಕಲ್ಲ, ಕಾಗದ ಹಾರಿಹೋಗುತ್ತೆ. ಕಾಗದ ಚೆಲ್ಲಿದ್ದು ಕಳ್ಳನಲ್ಲ, ಗಾಳಿ. ಕಿಟಕಿ ತೆಗೆದಿದ್ದೂ ಗಾಳಿಗೇನೇ. ಯಾರಿಗೋ ಏನನ್ನೋ ಬೇಗ ಒಣಗಿಸಬೇಕಿತ್ತು. ಈ ಮೇಣ ಫ್ಯಾನಿಗೆ ಒಣಗಲ್ಲ ಅಂತ ನಮ್ಮ ಕ್ಲಾಸಲ್ಲಿ ಮೊದಲ ದಿನವೇ ಹೇಳಿಕೊಡ್ತಾರೆ. ವಾರಗಟ್ಟಲೆ ಕಾಯಬೇಕು. ಹಾಗಾಗಿ ಮೇಡಂ ಅಲ್ಲ. ಮೇಣ ಅಂದ್ರೆ ಕ್ಯಾಂಡಲ್ ಥರ ಆರಿದ ತಕ್ಷಣ ಗಟ್ಟಿ ಆಗುತ್ತೆ ಅಂದ್ಕೊಂಡವರು ಯಾರೋ."

"ಅದು ನಾನೂ ಆಗಬಹುದಲ್ಲ?" ಕಮಲಾದೇವಿಯ ದನಿ ಈಗ ಸಣ್ಣಗಾಗಿತ್ತು.

"ಆಗಬಹುದಿತ್ತು ಅಮ್ಮಾ. ನಿಮ್ಮ ಪ್ರಮಾಣ ನಿಮ್ಮನ್ನ ಉಳಿಸ್ತು. ತಮ್ಮನ ಹಣೆ ನೋಡಿ. ಮೂರು ಪಟ್ಟೆ ಇದೆ. ಎರಡು ಬಿಳಿ, ನಡುವಿನದು ಬೂದು. ಆಯಿಲ್ ಪೇಂಟು ಸೋಪಿಗೆ ಹೋಗಲ್ಲ, ಉಗುರಿನ ಸಂದೀಲಿ ಉಳಿಯುತ್ತೆ. ನಡುಬೆರಳಲ್ಲಿ ಕಪ್ಪು ಮೇಣ ತೀಡಿದ ಕೈ ಅದು. ದಿನಾ ನೋಡೋ ವಿಭೂತಿ ಅಲ್ವಾ, ಯಾರೂ ಗಮನಿಸಲಿಲ್ಲ."

ವಿಜಯಕುಮಾರ್ ಅಪ್ಪನ ಮಣೆಯ ಪಕ್ಕ ಬಂದು ಕುಳಿತ.

"ಕರಡಿಗೆ ಕಟ್ಟೋ ಶಿವದಾರ ಸವೆದಿತ್ತು. ಹೊಸದು ಹಾಕೋಣ ಅಂತ ತೆಗೆದೆ... ಕೈ ಜಾರಿ ಗ್ರಾನೈಟ್ ಮೇಲೆ ಬಿತ್ತು. ಮೇಲಿನ ಕಂತಿ ಸಿಡಿದುಹೋಯ್ತು." ಕಂತಿಯೆಂದರೆ ಲಿಂಗದ ಮೇಲಿನ ಕಪ್ಪು ಲೇಪ. "ಲಿಂಗ ಭಿನ್ನ ಆಯ್ತು ಅಂತ ನಮ್ಮ ತಾತ ಅನ್ನ ಬಿಟ್ಟು ಸತ್ತರಂತೆ. ಅಪ್ಪಾಜಿನೇ ಎಷ್ಟು ಸಲ ಹೇಳಿದ್ದಾರೆ. ಹೇಳೋಕೆ ಧೈರ್ಯ ಬರಲಿಲ್ಲ. ಅಪ್ಪಾಜಿ ಬಚ್ಚಲಿಂದ ಬರೋದರೊಳಗೆ ಮೆತ್ತಿ ಇಟ್ಟುಬಿಡೋಣ ಅಂತ..."

"ಈಗೆಲ್ಲಿದೆಯೋ?" ಕಮಲಾದೇವಿ ಚೀರಿದಳು.

"ಫ್ರೀಜರಲ್ಲಿ. ಥಂಡಿಗಾದ್ರೂ ಗಟ್ಟಿ ಆಗುತ್ತೇನೋ ಅಂತ."

ಶ್ರೀದೇವಿ ಮಾವನನ್ನು ಕಮಲಾದೇವಿಯ ಮಡಿಲಿಗೆ ಒರಗಿಸಿ ಓಡಿದಳು. ಐಸ್ ಟ್ರೇ ಹಿಂದೆ ಸ್ಟೀಲ್ ಡಬ್ಬಿಯಿತ್ತು. ತಂದು ಅವರ ಎಡ ಅಂಗೈಯಲ್ಲಿ ಲಿಂಗವಿಟ್ಟಳು. ಮುದುಕರ ಹೆಬ್ಬೆರಳು ಹಸಿ ಮೇಣದಲ್ಲಿ ಹೂತುಕೊಂಡಿತು. ಅವರು ಬಹಳ ಹೊತ್ತು ಸವರಿ ನೋಡಿದರು. ಭಿನ್ನವಾಗಿದೆ ಎಂದುಬಿಟ್ಟರೆ? ಶ್ರೀದೇವಿ ಕೈ ಮುಗಿದು ನಿಂತಳು.

"ಒಳಗಿನದು ಗಟ್ಟಿಯಾಗೇ ಇದೆ ಕಣೋ ವಿಜಿ," ಎಂದರು, ಕ್ಷೀಣ ಸ್ವರದಲ್ಲಿ. "ಕಂತಿ ಅಂದ್ರೆ ಮೈಮೇಲಿನ ಬಟ್ಟೆ. ಗುರುಗಳು ಮತ್ತೆ ಹೊದಿಸ್ತಾರೆ. ಬಟ್ಟೆ ಹರೀತು ಅಂತ ಜೀವ ಬಿಡ್ತಾರೇನೋ? ಬಂದು ಹೇಳಬಾರದಿತ್ತೇ?"

ಪೂಜೆ ಮೂರು ಮಾತಿನಲ್ಲಿ ಮುಗಿಯಿತು. ಶ್ರೀದೇವಿ ಚಮಚ ಚಮಚವಾಗಿ ಸಕ್ಕರೆ ನೀರು ಕುಡಿಸಿದಳು. ಎರಡನೇ ಲೋಟದ ಹೊತ್ತಿಗೆ ಅವರ ನಡುಕ ನಿಂತಿತು. ಕಮಲಾದೇವಿ ಅವಳ ಕೈ ಹಿಡಿದುಕೊಂಡು ಏನೋ ಹೇಳಲು ಹೊರಟು ಅತ್ತುಬಿಟ್ಟಳು. ದಾಸಪ್ಪ ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಹೋದರು.

ವಿಜಯಕುಮಾರ್ ಹತ್ತಿರ ಬಂದ. "ಶ್ರೀ, ತಪ್ಪಾಯ್ತು. ಭಯಕ್ಕೆ ಬುದ್ಧಿ ಕೆಟ್ಟುಹೋಗಿತ್ತು."

"ಭಯ ನನಗೂ ಆಗಿತ್ತು ರೀ, ಮಾವ ಹೋಗ್ಬಿಡ್ತಾರೆ ಅಂತ." ಅವಳು ಲೋಟ ಕೆಳಗಿಟ್ಟಳು. "ಅಕ್ಕ ನನ್ನ ಕಳ್ಳಿ ಅಂದಾಗ ನೀವು ಪಕ್ಕದಲ್ಲೇ ನಿಂತಿದ್ರಿ. ಧೈರ್ಯಕ್ಕೆ ಅಂತ ನಿಮ್ಮ ಮುಖಾನೇ ನೋಡ್ತಿದ್ದೆ ನಾನು. ಅದರಲ್ಲಿ ಸುಳ್ಳಿದೆ ಅಂತ ನನಗೆ ಏನೇನೂ ಗೊತ್ತಾಗಲಿಲ್ಲ. ಇನ್ಮೇಲೆ ಆ ಮುಖ ನೋಡೋಕೇ ನನಗೆ ಭಯ."