ಮಗ್ಗದ ತೇಗದಲ್ಲಿದ್ದ ನೂಲು

"ಅಕ್ಕಾರ, ಇದು ನನ್ನ ಗಿಟಾರ ಅಲ್ಲರಿ. ನೋಡಾಕ ನನ್ನದ ಐತಿ, ಆದ್ರ ಅಲ್ಲ."

ಬನಹಟ್ಟಿಯಿಂದ ಜಮಖಂಡಿಗೆ ಬಂದಿದ್ದ ಯುವರಾಜ ಬೇಸ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಹೀಗೆಂದಾಗ ಗೌತಮಿಗೆ ನಗು ತಡೆಯಲಾಗಲಿಲ್ಲ. ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದ ಅವಳ ಮಾವಶಿ, ಅಂದರೆ ಚಿಕ್ಕಮ್ಮ, ಸುಲಭಾಬಾಯಿ ಊರವರ ಕಳವು ಪತ್ತೆ ಹಚ್ಚುವವಳು ನಿಜ. ಆದರೆ ಕೈಯಲ್ಲೇ ಇರುವುದನ್ನು ಹುಡುಕಿಕೊಡಿ ಎಂದವರಲ್ಲಿ ಇವನೇ ಮೊದಲಿಗ.

ಕತೆ ಕೇಳಿದ ಮೇಲೆ ನಗು ನಿಂತಿತು. ಯುವರಾಜನ ಅವ್ವ ಕೆಂಪವ್ವ ತನ್ನ ಕೈಮಗ್ಗ ಬಿಚ್ಚಿಸಿದಾಗ, ಬಟ್ಟೆ ಸುತ್ತುತ್ತಿದ್ದ ತೇಗದ ದಿಂಡನ್ನು ಸೀಳಿ, ಹಲಗೆಗಳನ್ನು ಅಂಟಿಸಿ, ಗೆಳೆಯ ಜ್ಞಾನೇಶ್ವರ ಗಿಟಾರಿನ ಒಡಲು ಮಾಡಿಕೊಟ್ಟಿದ್ದ. ಮಗ್ಗವನ್ನು ಬರಿದಾಗಿ ಬಿಡಬಾರದೆಂಬುದು ಅವರ ಮನೆಯ ಪದ್ಧತಿ. ಅದಕ್ಕೇ ಕೆಂಪವ್ವ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ್ದ ಕೊನೆಯ ಹಾಸಿನ ನೂಲಿನ ತುಂಡೊಂದನ್ನು, ಗಿಟಾರಿನ ಕುತ್ತಿಗೆ ಕೂಡುವ ಕುಳಿಯಲ್ಲಿ ತನ್ನ ಕೈಯಾರೆ ಇಟ್ಟಿದ್ದಳು. ಆಗ ಅಲ್ಲಿದ್ದವರು ಮಗ ಮತ್ತು ಜ್ಞಾನೇಶ್ವರ ಇಬ್ಬರೇ.

"ಯಾರ ಮ್ಯಾಲ ಸಂಶಯ?"

"ಕಲ್ಮೇಶನ ಮ್ಯಾಲರಿ. ನಮ್ಮ ಬ್ಯಾಂಡಿನ್ಯಾಗ ಹಾಡತಾನ. ಗಿಟಾರ ಅವನ ಖೋಲಿಯಾಗ ಇರತೈತಿ."

"ಜ್ಞಾನೇಶ್ವರ ಅಲ್ಲಿಗೆ ಬರೂದಿಲ್ಲೇನು?"

"ಬರತಾನ್ರಿ. ಆದ್ರ ಅವನ ಮ್ಯಾಲ ಹೆಂಗ ಸಂಶಯ ಪಡಲಿ? ಒಂದ ತಾಟಿನ್ಯಾಗ ಉಂಡು ಬೆಳದೇವಿ."

ಮರುದಿನ ಬನಹಟ್ಟಿಯಲ್ಲಿ, ಕಲ್ಮೇಶನ ಕೋಣೆಯಲ್ಲಿ ಎಲ್ಲರೂ ಸೇರಿದಾಗ ಯುವರಾಜ ಆಂಪ್ಲಿಫೈಯರಿಗೆ ಹಚ್ಚಿ ನುಡಿಸಿದ. ಧ್ವನಿ ಎಂದಿನಂತೆಯೇ ಇದೆಯೆಂದು ಕಲ್ಮೇಶ ಹೇಳಿದ.

"ಎಲೆಕ್ಟ್ರಿಕ್ ಗಿಟಾರಿಗೆ ಕಟಗಿ ಯಾವುದಾದ್ರೇನರಿ?" ಎಂದ ಜ್ಞಾನೇಶ್ವರ. "ಧ್ವನಿ ಎಲ್ಲಾ ತಂತಿಯಾಗ, ಅದರ ಕಂಪನ ಹಿಡಿಯೂ ಪಿಕಪ್‌ನಾಗ ಇರತೈತಿ."

"ಬಹಳ ಮಟ್ಟಿಗೆ ಖರೆ," ಎನ್ನುತ್ತ ಸುಲಭಾಬಾಯಿ ಆಂಪ್ಲಿಫೈಯರಿನ ವೈರು ತೆಗೆಸಿದಳು. ಯುವರಾಜ ಗಿಟಾರನ್ನು ಹೊಟ್ಟೆಗೊತ್ತಿ ದಪ್ಪ ತಂತಿ ಮೀಟಿದ.

"ಮೊದಲ ಹೊಟ್ಟಿತನಕ ಗುಂಯ್ ಅಂತಿತ್ತರಿ. ಈಗ ಲಗೂನ ಸಾಯತೈತಿ."

ಕುತ್ತಿಗೆ ಬಿಚ್ಚಿದರು. ಕುಳಿಯಲ್ಲಿ ನೂಲು ಇತ್ತು.

"ಇದೇನಲೇ ಕಸ? ಒಗಿ ಆ ಕಡೆ," ಎಂದ ಕಲ್ಮೇಶ.

"ಒಗೀಬ್ಯಾಡ! ಅದು ಅವ್ವನ ನೂಲು," ಎಂದ ಜ್ಞಾನೇಶ್ವರ. ಯುವರಾಜನ ಮುಖ ಬಾಡಿತು. ತನಗೇ ಭ್ರಮೆ ಎಂದುಕೊಂಡಿರಬೇಕು. ಸುಲಭಾಬಾಯಿ ಮಾತ್ರ ನೂಲನ್ನು ಬೆರಳಲ್ಲಿ ಹೊಸೆದು ನೋಡಿ, "ಮೆತ್ತಗದ," ಎಂದಳು. ಗೌತಮಿಗೆ ತಲೆಬುಡ ತಿಳಿಯಲಿಲ್ಲ.

ಸಂಜೆ ಎಲ್ಲರೂ ಕೆಂಪವ್ವನ ಪಡಸಾಲೆಯಲ್ಲಿ ಕೂತರು. ಸುಲಭಾಬಾಯಿ ಕೆಂಪವ್ವನಿಂದ ಅದೇ ಹಾಸಿನ ಇನ್ನೊಂದು ತುಂಡು ಇಸಿದುಕೊಂಡು ಎರಡನ್ನೂ ಬಟ್ಟಲಲ್ಲಿಟ್ಟಳು. ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಹನಿಸಿದಳು. ಕೆಂಪವ್ವನ ನೂಲು ಕಪ್ಪುನೀಲಿಯಾಯಿತು. ಗಿಟಾರಿನದು ಬರೀ ಹಳದಿಯಾಯಿತು.

"ಹಾಸಿನ ನೂಲಿಗೆ ಗಂಜಿ ಕುಡಿಸ್ತಾರ. ಗಂಜಿಗೆ ಅಯೋಡಿನ್ ತಾಗಿದ್ರ ಕಪ್ಪಾಗತದ. ಗಿಟಾರಿನ್ಯಾಗ ಇದ್ದದ್ದು ಅಡ್ಡ ನೇಯುವ ಹೊಕ್ಕಿನ ನೂಲು, ಅದಕ್ಕ ಗಂಜಿ ಇರೂದಿಲ್ಲ. ಅಂದ್ರ ಇದು ಅವ್ವ ಇಟ್ಟ ನೂಲಲ್ಲ; ಪಿಕಪ್ಪು, ತಂತಿ, ಕುತ್ತಿಗಿ ಹಳೇವ, ಒಡಲು ಬ್ಯಾರೆ. ಅದಕ್ಕ ಆಂಪ್ಲಿಫೈಯರಿನ್ಯಾಗ ಫರಕು ಕೇಳಲಿಲ್ಲ, ಹೊಟ್ಟಿಗೆ ಕೇಳ್ತು."

"ಹಂಗಾದ್ರ ಕಲ್ಮೇಶ..." ಎಂದು ಯುವರಾಜ ಎದ್ದ.

"ಕೂಡಪಾ. ಕಲ್ಮೇಶಗ ಅದು ಕಸ. ಅವನಾಗಿದ್ರ ಒಗದುಬಿಡತಿದ್ದ. ಕಸದ ಜಾಗಾಕ್ಕ ಇನ್ನೊಂದು ಕಸ ಯಾರು ಇಡತಾರ? ಅದು ಅವ್ವನ ನೂಲು ಅಂತ ಗೊತ್ತಿದ್ದವ ಇಟ್ಟಾನ."

ಎಲ್ಲರೂ ಜ್ಞಾನೇಶ್ವರನ ಕಡೆ ತಿರುಗಿದರು. ಅವನು ತಲೆ ಎತ್ತಲಿಲ್ಲ.

"ಹುಬ್ಬಳ್ಳಿ ಆರ್ಕೆಸ್ಟ್ರಾದವರು ನನಗ ಬೇಸ್ ನುಡಸಾಕ ಕರದಾರ," ಎಂದ ಕೊನೆಗೆ. "ಇವನ ಧ್ವನಿ ಆ ತೇಗದಾಗ ಐತಿ ಅಂದ್ಕೊಂಡೆ. ನನ್ನ ಕೈಯಾಗ ಬರಲೇ ಇಲ್ಲ."

"ನೂಲರೆ ಯಾಕ ಬದಲಿ ಇಟ್ಟಿ?" ಗೌತಮಿ ಕೇಳಿದಳು.

"ಅವ್ವ ಇಟ್ಟಿದ್ದು. ತೆಗಿಯಾಕ ಕೈ ಬರಲಿಲ್ಲ. ತೇಗದಾಗ ಬಿಟ್ಟು, ಇದರಾಗ ಬ್ಯಾರೆದು ಇಟ್ಟೆ."

ಯುವರಾಜ ಎದ್ದು ಬಾಗಿಲ ಕಡೆ ಹೋಗಿ ನಿಂತ.

ಕೆಂಪವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಜ್ಞಾನೇಶ್ವರನ ಮುಂದೆ ಬಂದು ನಿಂತಳು.

"ಮಗ್ಗಕ್ಕ ಎರಡು ದಿಂಡು ಇರತಾವೋ ಜ್ಞಾನ್ಯಾ. ಹಾಸು ಸುತ್ತೂ ದಿಂಡು ಹಿತ್ತಲದಾಗ ಹಂಗ ಐತಿ. ನಿನಗಂತ ಇಟ್ಟಿದ್ದೆ. ಕೇಳಬೇಕಿತ್ತು ನೀ."

ಜ್ಞಾನೇಶ್ವರ ಮರುದಿನ ಬೆಳಗ್ಗೆಯೇ ತೇಗದ ಒಡಲನ್ನು ತಂದು ಯುವರಾಜನ ಮನೆಯ ಕಟ್ಟೆಯ ಮೇಲಿಟ್ಟ. ಒಳಗೆ ಬಾ ಎಂದು ಅವನನ್ನು ಯಾರೂ ಕರೆಯಲಿಲ್ಲ.