ಭರಮ ಬಿಚ್ಚಿದ ಮೂರನೆಯ ಗಂಟು

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದಾಗ, ಹೊನ್ನಗುಡಿ ಎಂಬ ರಾಜ್ಯವಿತ್ತು. ಅಲ್ಲಿ ಗಂಡಸಿನ ಮಾನ ಅವನ ರುಮಾಲಿನಲ್ಲಿತ್ತು. ಅಂದರೆ, ಯುದ್ಧದಲ್ಲಿ ಸೋತವನು ಮಾತ್ರ ನಾಲ್ಕು ಜನರೆದುರು ತಲೆಯ ರುಮಾಲು ಬಿಚ್ಚುತ್ತಿದ್ದ.

ಅಲ್ಲಿ ಭರಮ ಎಂಬ ತರುಣನಿದ್ದ. ಅವನ ಅಜ್ಜಿ ದ್ಯಾಮವ್ವ ಸೂಲಗಿತ್ತಿ. ಅವಳ ಕಣ್ಣು ಮಂಜಾದ ಮೇಲೆ ಕೈಹಿಡಿದು ನಡೆಸುತ್ತ ನಡೆಸುತ್ತ, ಭರಮನೂ ಹೆರಿಗೆ ಮಾಡಿಸಲು ಕಲಿತ. "ಬಂದಳು ನೋಡ್ರೋ ಭರಮಕ್ಕ!" ಎಂದು ಊರು ನಗುತ್ತಿತ್ತು.

ಹೀಗಿರಲು, ಸಿಂಹಾಸನಕ್ಕೆ ಆಸೆಪಟ್ಟ ಮಾಂತ್ರಿಕನೊಬ್ಬ ಬೆಟ್ಟದ ಬಿಳಿ ಹುಲಿಯ ಹೆರಿಗೆಯನ್ನು ಮೂರು ಗಂಟು ಹಾಕಿ ಕಟ್ಟಿಬಿಟ್ಟ. ಆ ಹುಲಿ ರಾಜ್ಯಕ್ಕೇ ತಾಯಿ. ಅವಳು ಹೆರದೆ ಅಲ್ಲಿ ಯಾರಿಗೂ ಹೆರಿಗೆಯಾಗದು. ಭರಮನ ಅಕ್ಕ ಗೌರವ್ವ ಹೆರಿಗೆ ನೋವು ತಿನ್ನುತ್ತ ಸಾಯುವಂತಾದಳು. ಕತ್ತಿ ಹಿಡಿದು ಹೋದ ಸೈನಿಕರು ಹುಲಿಯ ನರಳಾಟ ಕೇಳಿ, ಅದು ಗರ್ಜನೆಯೆಂದು ಓಡಿಬಂದರು.

"ಹೆರಿಗೆ ಮನೆಯಾಗ ಮೊದಲು ಏನು ಮಾಡ್ತೀವಿ, ಮಗಾ?" ಅಜ್ಜಿ ಕೇಳಿದಳು.

"ಗಂಟೆಲ್ಲಾ ಬಿಚ್ಚತೀವಿ." ಮನೆಯಲ್ಲಿ ಗಂಟಿದ್ದರೆ ಕೂಸಿಗೆ ದಾರಿ ಸಿಗದು ಎಂಬ ನಂಬಿಕೆ ಅದು.

"ಮತ್ತೆ ನಿಂತೀಯಲ್ಲ? ಹೋಗು!"

ಭರಮ ಹೊರಟ. ರಾಜ, ಸೈನಿಕರು, ಊರವರು ದೂರ ನಿಂತು ನೋಡಿದರು.

ಹುಲಿಯ ಗುಹೆಯ ಬಾಗಿಲಲ್ಲಿ ಬಳ್ಳಿಯ ಗಂಟಿತ್ತು. ಕತ್ತರಿಸಿದರೆ ಇಮ್ಮಡಿಯಾಗುವ ಬಳ್ಳಿ ಅದು. ಭರಮ ಬೆರಳಿನಿಂದ ಮೆಲ್ಲಗೆ ಬಿಚ್ಚಿದ. ಒಳಗೆ ಹಾವುಗಳ ಗಂಟಿತ್ತು. "ಸಾಕವ್ವ, ಸಡಿಲಾಗ್ರಿ" ಎಂದು ಅಜ್ಜಿಯ ಹಾಗೆ ಬೆನ್ನು ನೀವಿದ. ಹಾವುಗಳು ಬಿಡಿಸಿಕೊಂಡು ಹರಿದುಹೋದವು. ಆದರೂ ಹುಲಿ ಹೆರಲಿಲ್ಲ.

"ಮೂರನೆಯದನ್ನು ಯಾವ ಗಂಡಸೂ ಬಿಚ್ಚಲಾರ!" ಗುಹೆಯ ಮೂಲೆಯಲ್ಲಿ ಅಡಗಿದ್ದ ಮಾಂತ್ರಿಕ ನಕ್ಕ.

ಭರಮನ ಕೈ ತಲೆಗೆ ಹೋಯಿತು. ಯಾರೇ ಬರಲಿ, ಬಂದವನ ರುಮಾಲಿನಲ್ಲೇ ಮಾಂತ್ರಿಕ ಆ ಗಂಟನ್ನು ಬಚ್ಚಿಟ್ಟಿದ್ದ, ಯಾಕೆಂದರೆ ಗಂಡಸು ಅದನ್ನು ಮುಟ್ಟುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

"ಬಿಚ್ಚಬೇಡವೋ, ಮಾನ ಹೋಗ್ತದೆ!" ಊರವರು ಗುಹೆಯ ಹೊರಗಿನಿಂದ ಕೂಗಿದರು.

"ಹೋದರೆ ಹೋಗಲಿ, ಅಕ್ಕ ಉಳೀಲಿ."

ಭರಮ ರುಮಾಲು ಬಿಚ್ಚಿದ. ಹುಲಿ ಹೆತ್ತ ಮರಿಯನ್ನು ಅದೇ ಬಟ್ಟೆಯಲ್ಲಿ ಹಿಡಿದ. ಮರಿ ಕೂಗಿದ ಕೂಡಲೇ ಮಾಂತ್ರಿಕ ಹೊಗೆಯಾಗಿ ಚದುರಿಹೋದ. ಕೆಳಗೆ, ಊರಿನಲ್ಲಿ, ಗೌರವ್ವನ ಕೂಸು ಅತ್ತಿತು.

"ನಿನ್ನ ಕೈ ತಣ್ಣಗಿರಲಿ, ಅಣ್ಣಾ" ಎಂದು ಹುಲಿ ಅವನ ಅಂಗೈ ನೆಕ್ಕಿತು. ರಾಜ ತನ್ನ ರುಮಾಲನ್ನೂ ಬಿಚ್ಚಿ, ಗೌರವ್ವನ ಕೂಸಿಗೆ ಜೋಲಿ ಕಟ್ಟಲು ಕೊಟ್ಟ. ಭರಮ ಮಾತ್ರ ಮನೆಗೆ ಓಡಿ ಅಜ್ಜಿಯ ಕಾಲಿಗೆ ಬಿದ್ದ. "ಇದು ನೀನು ಕೊಟ್ಟ ಕೈ, ಅಜ್ಜಿ" ಎಂದ.

ಅಂದಿನಿಂದ ಹೊನ್ನಗುಡಿಯಲ್ಲಿ ಹೆರಿಗೆಯಾಗುವಾಗ ಗಂಡಸರೆಲ್ಲ ರುಮಾಲು ಬಿಚ್ಚಿ ಬಿಸಿನೀರು ಕಾಯಿಸುತ್ತಾರೆ. ನೋವು ಬಂದ ಕೂಡಲೇ, "ಭರಮಕ್ಕನ್ನ ಕರೀರಿ!" ಎನ್ನುತ್ತಾರೆ. ಯಾರೂ ನಗುವುದಿಲ್ಲ. "ಬಂದೆ ಬಂದೆ" ಎನ್ನುತ್ತ ಭರಮ ಓಡಿಬರುತ್ತಾನೆ, ಎಲ್ಲರೂ ಸುಖವಾಗಿರುತ್ತಾರೆ.